ಕಲ್ಹಾತಿನ ಅನ್ನ

ಆತ್ಮೀಯ ಓದುಗರೇ,

ಮಸ್ಕತ್ತಿನ ಬಿಸಿಲು ಕಡೆಗೂ ಇಳಿದಿದೆ. ಇನ್ನು ಮಾರ್ಚ್‌ವರೆಗೆ ಶುಕ್ರವಾರ ಬಂತೆಂದರೆ ಬುತ್ತಿ ಕಟ್ಟಿಕೊಂಡು ಹೊರಡುವ ದಿನಗಳು. ಒಮಾನಿನ ಕರಾವಳಿಯ ಸೂರ್ ಪಟ್ಟಣದ ಕಡೆಗೆ ಹೋಗುವವರಲ್ಲಿ ನನ್ನದೊಂದು ಕೋರಿಕೆ ಇದೆ. ವಾದಿ ಶಾಬ್ ಕಣಿವೆಯಲ್ಲಿ ಈಜಿ ನೇರವಾಗಿ ಸೂರ್‌ಗೆ ಓಡಬೇಡಿ. ನಡುದಾರಿಯಲ್ಲಿ ಕಲ್ಹಾತ್ ಎಂಬ ಹಳೆಯ ಊರಿದೆ, ಅಲ್ಲಿ ಸ್ವಲ್ಪ ನಿಲ್ಲಿ.

ದೂರದಿಂದ ಕಾಣುವುದು ಬರೀ ಕಲ್ಲುರಾಶಿ. ಅದರ ಮೇಲೆ ಗುಮ್ಮಟ ಕುಸಿದ ಒಂಟಿ ಕಟ್ಟಡ. ಅದನ್ನು ಬೀಬಿ ಮರ್ಯಮ್ ಸಮಾಧಿ ಎನ್ನುತ್ತಾರೆ. 11ರಿಂದ 15ನೇ ಶತಮಾನದವರೆಗೆ ಕಲ್ಹಾತ್ ಅರೇಬಿಯಾದ ಪೂರ್ವ ಕರಾವಳಿಯ ದೊಡ್ಡ ಬಂದರಾಗಿತ್ತು. ಖರ್ಜೂರ, ಮುತ್ತು, ಧೂಪದ ಜೊತೆಗೆ ಕುದುರೆಗಳೂ ಇಲ್ಲಿಂದ ಹಡಗೇರುತ್ತಿದ್ದವು. 2018ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನನ್ನ ಮನಸ್ಸು ಅಲ್ಲಿ ನಿಂತದ್ದು ಮಾತ್ರ ಒಂದು ಊಟದ ವಿವರಕ್ಕಾಗಿ. 14ನೇ ಶತಮಾನದಲ್ಲಿ ಇಲ್ಲಿಗೆ ಬಂದ ಮೊರಾಕೊದ ಪ್ರವಾಸಿ ಇಬ್ನ್ ಬತೂತಾ ಕಲ್ಹಾತಿನ ಮೀನನ್ನು ಮನಸಾರೆ ಹೊಗಳಿದ್ದಾನೆ. ಎಲೆಯ ಮೇಲೆ ಸುಟ್ಟು, ಅನ್ನದ ಮೇಲಿಟ್ಟು ತಿನ್ನುತ್ತಿದ್ದರಂತೆ. ಆ ಅಕ್ಕಿ ಭಾರತದಿಂದ ಬರುತ್ತಿತ್ತು ಎಂದೂ ಬರೆದಿದ್ದಾನೆ. ಇದೇ ಮನುಷ್ಯ 1340ರ ದಶಕದಲ್ಲಿ ನಮ್ಮ ಹೊನ್ನಾವರದಲ್ಲಿ ಹನ್ನೊಂದು ತಿಂಗಳು ರೊಟ್ಟಿಯ ಮುಖ ನೋಡದೆ ಅನ್ನ ಉಂಡು ಕಳೆದ. ತುಪ್ಪ, ಮೊಸರು, ಶುಂಠಿ, ಲಿಂಬೆ, ಮಾವಿನ ಉಪ್ಪಿನಕಾಯಿ ಎಲ್ಲವನ್ನೂ ನೆನಪಿಟ್ಟು ಹೇಳಿದ್ದಾನೆ. ಮುಂದಿನ ಶತಮಾನಗಳಲ್ಲಿ ಕನ್ನಡ ಕರಾವಳಿಯ ಅಕ್ಕಿ ಮಸ್ಕತ್ತಿಗೆ ಬರುತ್ತಿದ್ದುದಂತೂ ಇತಿಹಾಸವೇ. ಟಿಪ್ಪು ಸುಲ್ತಾನ್ ಮಸ್ಕತ್ತಿನಲ್ಲೊಂದು ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ.

ಕಳೆದ ಚಳಿಗಾಲ ಕಲ್ಹಾತಿಗೆ ಹೋದಾಗ ಕುಮಟೆಯ ಹಿರಿಯರೊಬ್ಬರು ನಮ್ಮ ಜೊತೆಗಿದ್ದರು. ಬೀಬಿ ಮರ್ಯಮ್ ಸಮಾಧಿಯ ಗೋಡೆಯ ಹವಳದ ಕಲ್ಲಿನಲ್ಲಿ ಸಾಸಿವೆ ಗಾತ್ರದ ತೂತುಗಳಿವೆ. ಅವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸಮುದ್ರಕ್ಕೆ ಮುಖ ಮಾಡಿ ಕುಳಿತು ಮೊಸರನ್ನದ ಡಬ್ಬಿ ಬಿಚ್ಚಿ, ಮಾವಿನ ಮಿಡಿಯೊಂದನ್ನು ನನ್ನ ಕೈಗಿಟ್ಟರು. "ಎದುರಿಗಿರುವುದು ನಮ್ಮೂರಿನ ಕಡಲೇ ಅಲ್ಲವೇ?" ಎಂದರು. ಮೂವತ್ತು ವರ್ಷ ಈ ದೇಶದಲ್ಲಿದ್ದರೂ ಅವರ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು.

ಬೆಟ್ಟದ ಕಡೆಗೆ ಹೋಗುವವರು ಮಿಸ್ಫಾತ್ ಅಲ್ ಅಬ್ರಿಯೀನ್ ಎಂಬ ಹಳ್ಳಿಗೆ ಹೋಗಿ. ಬಂಡೆಗೆ ಅಂಟಿಕೊಂಡ ಕಲ್ಲುಮನೆಗಳು, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಖರ್ಜೂರ, ಬಾಳೆ, ಲಿಂಬೆ. ಇದೆಲ್ಲಕ್ಕೂ ಫಲಜ್ ಎಂಬ ಕಾಲುವೆಯೇ ಆಧಾರ. ಇಂಥ ಸುಮಾರು 3000 ಫಲಜ್‌ಗಳು ಒಮಾನಿನಲ್ಲಿ ಇಂದಿಗೂ ಹರಿಯುತ್ತಿವೆ. ನೀರಿನ ಪಾಲು ಸಿಗುವುದು ಹೊತ್ತಿನ ಲೆಕ್ಕದಲ್ಲಿ. ಹಿಂದೆ ಹಗಲು ನೆರಳನ್ನೂ ಇರುಳು ನಕ್ಷತ್ರಗಳನ್ನೂ ನೋಡಿ ಸರದಿ ಬದಲಿಸುತ್ತಿದ್ದರು. ನಮ್ಮ ಕೆರೆಗಳ ನೀರು ಹಂಚುವ ನೀರಗಂಟಿಯನ್ನು ಕಂಡವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಮಕ್ಕಳಿಗೆ ಬಿಡಿಸಿ ಹೇಳಿ.

ಒಂದು ವಿಷಯ ಮನಸ್ಸಿನಲ್ಲಿರಲಿ. ಮಿಸ್ಫಾತ್ ಜನ ಬಾಳುತ್ತಿರುವ ಊರು. ಕಾರನ್ನು ಹೊರಗೇ ನಿಲ್ಲಿಸಿ, ಮೈತುಂಬ ಬಟ್ಟೆ ತೊಟ್ಟು ಒಳಗೆ ನಡೆಯಿರಿ. ಫಲಜ್‌ನ ಮೇಲ್ಭಾಗದಲ್ಲಿ ಕಾಲು ಇಳಿಬಿಡಬೇಡಿ. ಆ ನೀರಿನ ಮೊದಲ ಹಕ್ಕು ಕುಡಿಯುವವರದು. ತೋಟದ ಪಾಳಿ ಆಮೇಲೆ.