ಶನಿವಾರ ಹೂವು ಮಾಡಲು ಬರುವವರಿಗೆ

ನವರಾತ್ರಿ ಹತ್ತಿರ ಬಂತು ಅಲ್ವಾ, ಗೊಂಬೆ ಕೂರಿಸುವವರಿಗಾಗಿ ಈ ಶನಿವಾರ ರಿಬ್ಬನ್ ಗುಲಾಬಿ, ಕ್ರೇಪ್ ಪೇಪರ್ ಹೂವು, ಪಟ್ಟದ ಗೊಂಬೆಗಳಿಗೆ ಪುಟ್ಟ ಹಾರ ಮಾಡೋಣ. ಗುಲಾಬಿಗೆ 1 ಇಂಚಿನ ಸ್ಯಾಟಿನ್ ರಿಬ್ಬನ್ ತನ್ನಿ, ಹಾರಕ್ಕೆ ಕಾಲಿಂಚಿನದು. ಕತ್ತರಿಸಿದ ತುದಿಯನ್ನು ಮೇಣದ ಬತ್ತಿಯ ಉರಿಯ ಪಕ್ಕ ಹಿಡಿದರೆ ಸಾಕು, ಅಂಚು ಕರಗಿ ನೂಲು ಬಿಡುವುದಿಲ್ಲ. ಉರಿಯೊಳಗೇ ಇಟ್ಟರೆ ಕಪ್ಪಾಗುತ್ತದೆ. ಹತ್ತಿ ಬಟ್ಟೆಗೆ ಇದು ಬೇಡ, ಅದು ಕರಗುವುದಿಲ್ಲ, ಹೊತ್ತಿಕೊಳ್ಳುತ್ತದೆ. ಕ್ರೇಪ್ ಪೇಪರಿನ ಸುಕ್ಕಿನ ಗೆರೆ ಎಸಳಿನ ಉದ್ದಕ್ಕೆ ಬರುವ ಹಾಗೆ ಕತ್ತರಿಸಿ, ಆಮೇಲೆ ನಡುಭಾಗವನ್ನು ಎರಡೂ ಹೆಬ್ಬೆರಳಿಂದ ಅಡ್ಡಕ್ಕೆ ಮೆಲ್ಲಗೆ ಎಳೆದರೆ ಬಟ್ಟಲಿನಂತೆ ಹಿಗ್ಗುತ್ತದೆ, ಹೂವಿಗೆ ಜೀವ ಬರುವುದು ಅಲ್ಲೇ. ಗ್ಲೂ ಗನ್ ಇದ್ದವರು ತನ್ನಿ, ಮಕ್ಕಳಿಗೆ ಫೆವಿಕಾಲ್ ಕೊಡೋಣ. ಮಿನುಗು ಪುಡಿ ಮಾತ್ರ ದಯವಿಟ್ಟು ಬೇಡ, ಸುಮ್ನೆ ಮನೆಯೆಲ್ಲ ಅಂಟುತ್ತದೆ. ಬರುವವರು ಶುಕ್ರವಾರದೊಳಗೆ ಇಲ್ಲೇ ಹೇಳಿ.