ನೀನು ಮನೆಗೆ ಬರುವ ಮುಂಚೆ

ಮುದ್ದು ಮಗಳೇ,

ಶನಿವಾರ ನಿನ್ನನ್ನು ಕುಡಿತ ಬಿಡಿಸುವ ಕೇಂದ್ರದಿಂದ ಮನೆಗೆ ಕಳಿಸುತ್ತಾರಂತೆ, ಕೌನ್ಸೆಲರ್ ಫೋನ್ ಮಾಡಿದ್ದರು. ಖುಷಿಯಾಯಿತು. ಹೆದರಿಕೆಯೂ ಆಯಿತು. ಎದುರಿಗೆ ಕೂತರೆ ಅತ್ತುಬಿಡುತ್ತೇನೆ, ಹೇಳಬೇಕಾದ್ದು ಹಾಗೇ ಉಳಿದುಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆ ದಿನದ ವಿಷಯ. ಸಿಟ್ಟಿನಲ್ಲಿ ನಿನ್ನ ಬಾಟಲಿಗಳನ್ನೆಲ್ಲ ಸಿಂಕಿಗೆ ಸುರಿದೆ. ರೂಮಿನ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದೆ. ಎರಡು ದಿನ ಕಷ್ಟಪಟ್ಟರೆ ಸರಿಹೋಗುತ್ತಾಳೆ ಅಂದುಕೊಂಡಿದ್ದೆ. ಮರುದಿನ ಸಂಜೆ ನಿನಗೆ ಫಿಟ್ಸ್ ಬಂತು. ದಿನವೂ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಆಮೇಲೆ ಇಲ್ಲದ್ದೆಲ್ಲ ಕಾಣಿಸಬಹುದು, ಜೀವಕ್ಕೇ ಅಪಾಯ ಆಗಬಹುದು. ಡಾಕ್ಟರ್ ಹೇಳಿದಾಗಲೇ ನನಗೆ ಗೊತ್ತಾಗಿದ್ದು. ಅವರ ಕಣ್ಣೆದುರು, ಔಷಧಿ ಕೊಟ್ಟು ಬಿಡಿಸಬೇಕಿತ್ತು. ಯಾರನ್ನಾದರೂ ಕೇಳಿದ್ದರೆ ಹೇಳುತ್ತಿದ್ದರು. ಯಾರಿಗೂ ಗೊತ್ತಾಗಬಾರದು ಅಂತ ನಾನು ಯಾರನ್ನೂ ಕೇಳಲಿಲ್ಲ. ನೆಂಟರು ವಿಚಾರಿಸಿದಾಗಲೆಲ್ಲ ನಿನಗೆ ಜ್ವರ ಅಂದೆ. ಆ ಸುಳ್ಳಿನೊಳಗೆ ನೀನು ಒಬ್ಬಳೇ ಸಿಕ್ಕಿಹಾಕಿಕೊಂಡಿದ್ದೆ. ಕ್ಷಮಿಸು ಪುಟ್ಟಾ.

ನೀನು ಅಲ್ಲಿರುವಾಗ ನಾನೂ ಮೀಟಿಂಗಿಗೆ ಹೋಗುತ್ತಿದ್ದೇನೆ. ಕುಡಿಯುವವರ ಮನೆಯವರಿಗೆ ಅಂತಲೇ ಆಲ್-ಅನಾನ್ ಇದೆ, 1951ರಿಂದ. ಮೊದಲ ದಿನ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ, ಎದ್ದು ಹೋಗಲು ಸುಲಭ ಅಂತ. ಅಲ್ಲಿ ಬೇರೆಯವರು ಹೇಳಿದ್ದನ್ನು ಹೊರಗೆ ಹೇಳಬಾರದು. ನನ್ನದನ್ನು ಹೇಳುತ್ತೇನೆ. ನೀನು ಸ್ನಾನಕ್ಕೆ ಹೋದಾಗ ನಿನ್ನ ಬ್ಯಾಗ್ ತಡಕುತ್ತಿದ್ದೆ. ನೀರಿನ ಬಾಟಲಿಯ ಮುಚ್ಚಳ ತೆಗೆದು ಮೂಸಿ, ಮೊದಲು ಇದ್ದಷ್ಟೇ ಬಿಗಿಯಾಗಿ ತಿರುಗಿಸಿ ಇಡುತ್ತಿದ್ದೆ. ಇದನ್ನು ಬಾಯಿಬಿಟ್ಟು ಹೇಳಿದೆ. ಯಾರೂ ಬುದ್ಧಿ ಹೇಳಲಿಲ್ಲ. ಸುಮ್ನೆ ಕೇಳಿಸಿಕೊಂಡರು. ಆವತ್ತು ರಾತ್ರಿ ನಿದ್ದೆ ಬಂತು.

ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್. ಎಲ್ಲರೂ ಹೋಗಬಹುದಾದ ಅವರ ಮೀಟಿಂಗಿಗೂ ಒಮ್ಮೆ ಹೋಗಿದ್ದೆ. ಶುರುವಾಗುವ ಮುಂಚೆ ಒಬ್ಬ ಹಿರಿಯರು ನೀರು ಕೊಡುತ್ತಿದ್ದರು. ಹೊಸದಾಗಿ ಬಂದಿದ್ದ ಒಬ್ಬ ಹುಡುಗನ ಕೈ ನಡುಗುತ್ತಿತ್ತು. ಅವನ ಲೋಟಕ್ಕೆ ಮಾತ್ರ ಅರ್ಧ ನೀರು ಹಾಕಿದರು. ಚೆಲ್ಲಬಾರದಲ್ವಾ. ಒಂದು ಮಾತೂ ಆಡಲಿಲ್ಲ. ಅವರ ಕೈಯೂ ಒಂದು ಕಾಲಕ್ಕೆ ಹಾಗೇ ನಡುಗಿದ್ದಿರಬೇಕು. ಹೆತ್ತ ತಾಯಿ ನಾನು, ನನಗೆ ಅದು ಹೊಳೆಯುತ್ತಿರಲಿಲ್ಲ. ನಿನಗೆ ನಾನೊಬ್ಬಳೇ ಸಾಲದು ಅಂತ ಆಗ ಅನ್ನಿಸಿತು.

ಈ ಎಎ ಹುಟ್ಟಿದ ಕಥೆಯೂ ಹಾಗೇ ಇದೆ. 1935ರಲ್ಲಿ ಅಮೆರಿಕದ ಆಕ್ರನ್‌ಗೆ ಬಿಲ್ ವಿಲ್ಸನ್ ವ್ಯವಹಾರಕ್ಕೆ ಅಂತ ಹೋಗಿದ್ದರು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಹೋದ ಕೆಲಸ ಕೆಟ್ಟಿತು. ಹೋಟೆಲಿನ ಬಾರ್ ಕಡೆಗೆ ಮನಸ್ಸು ಎಳೆಯಿತು. ಅವರು ಫೋನ್ ಹಿಡಿದು, ಮಾತಾಡಲು ಇನ್ನೊಬ್ಬ ಕುಡುಕ ಸಿಗುತ್ತಾನಾ ಅಂತ ವಿಚಾರಿಸಿದರು. ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್. ಆ ಭೇಟಿಯಿಂದಲೇ ಎಲ್ಲ ಶುರುವಾಗಿದ್ದು. ನಿನಗೂ ಆಸೆ ಎಳೆದರೆ ಫೋನ್ ಮಾಡು. ರಾತ್ರಿ ಎರಡು ಗಂಟೆಯಾದರೂ ಮಾಡು. ನನಗೇ ಮಾಡಬೇಕು ಅಂತೇನಿಲ್ಲ.

ಮನಸ್ಸಿನ ಕಾಯಿಲೆಗೆ ಕೊಟ್ಟ ಮಾತ್ರೆಯನ್ನು ಡಾಕ್ಟರ್ ಹೇಳದೆ ಬಿಡಬೇಡ. ಮಾತ್ರೆ ನುಂಗಿದರೆ ಚಟ ಬಿಟ್ಟ ಹಾಗಾಯಿತಾ ಅಂತ ಗುಂಪಿನಲ್ಲೇ ಯಾರಾದರೂ ಅನ್ನಬಹುದು. ಕಿವಿಗೆ ಹಾಕಿಕೊಳ್ಳಬೇಡ. ಸದಸ್ಯರು ಡಾಕ್ಟರ ಕೆಲಸಕ್ಕೆ ಕೈ ಹಾಕಬಾರದು ಅಂತ ಎಎಯೇ ಹೇಳುತ್ತದೆ.

ಮತ್ತೆ ಕುಡಿದುಬಿಟ್ಟರೆ ಅಂತ ನಿನಗೂ ಭಯ ಇರುತ್ತದೆ, ನನಗೂ ಇದೆ. ಚಿಕಿತ್ಸೆ ಪಡೆದ ನೂರರಲ್ಲಿ 40ರಿಂದ 60 ಜನ ಒಮ್ಮೆಯಾದರೂ ಎಡವುತ್ತಾರಂತೆ. ಬಿಪಿ, ಆಸ್ತಮಾ ಕೂಡ ಹೀಗೇ ಮರುಕಳಿಸುತ್ತವೆ. ಎಡವಿದರೆ ಹೇಳು, ಇಬ್ಬರೂ ಡಾಕ್ಟರ ಹತ್ತಿರ ಹೋಗೋಣ. ನಾನು ಇನ್ನು ಯಾರಿಗೂ ಜ್ವರ ಅನ್ನುವುದಿಲ್ಲ.

ಶನಿವಾರ ಗೇಟಿನ ಹತ್ತಿರ ನಿಂತಿರುತ್ತೇನೆ. ನಿನ್ನ ಬ್ಯಾಗ್ ನಾನು ಹಿಡಿದುಕೊಳ್ಳುತ್ತೇನೆ. ಜಿಪ್ ಮುಟ್ಟುವುದಿಲ್ಲ.

ನಿನ್ನ ಅಮ್ಮ