ಚಿಂತೆಗೂ ಒಂದು ಲೆಕ್ಕದ ಪುಸ್ತಕವಿರಲಿ

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಹೇಳಹೊರಟರೆ ನೀನು ‘ಆಯಿತಮ್ಮ, ಇನ್ನು ಮೇಲೆ ಯೋಚಿಸುವುದಿಲ್ಲ’ ಎಂದು ನನ್ನನ್ನೇ ಸಮಾಧಾನ ಮಾಡಿ ಮಾತು ಮುಗಿಸಿಬಿಡುತ್ತೀಯೆ. ಅದಕ್ಕೇ ಈ ಕಾಗದ. ಬಿಡುವಾದಾಗ ಓದು.

ಕಳೆದ ಶುಕ್ರವಾರ ಸಂಜೆ ನಿನ್ನ ಮ್ಯಾನೇಜರ್ ‘ಸೋಮವಾರ ಹತ್ತು ನಿಮಿಷ ಮಾತಾಡಬೇಕು’ ಎಂದು ಒಂದು ಸಾಲು ಕಳಿಸಿದರಂತೆ. ಆ ಒಂದು ಸಾಲಿನ ಮೇಲೆ ನೀನು ಏನೆಲ್ಲ ಕಟ್ಟಿಕೊಂಡೆ! ಕೆಲಸ ಹೋಗುತ್ತದೆ, ಪಿ.ಜಿ. ಬಾಡಿಗೆಗೆ ದುಡ್ಡಿರುವುದಿಲ್ಲ, ಓದಿನ ಸಾಲದ ಕಂತು ನಿಲ್ಲುತ್ತದೆ, ಊರಿಗೆ ಬಂದು ಅಪ್ಪನ ಮುಂದೆ ತಲೆತಗ್ಗಿಸಿ ನಿಲ್ಲಬೇಕಾಗುತ್ತದೆ. ಶನಿವಾರ ಗೆಳತಿಯರು ಕರೆದರೆ ಹೋಗಲಿಲ್ಲ. ಭಾನುವಾರ ಊಟ ಸೇರಲಿಲ್ಲ. ಸೋಮವಾರ ನೋಡಿದರೆ, ಹೊಸದಾಗಿ ಸೇರುವ ಹುಡುಗಿಗೆ ಕೆಲಸ ಕಲಿಸಿಕೊಡಲು ನಿನಗೆ ಪುರುಸೊತ್ತಿದೆಯೇ ಎಂದು ಕೇಳಲಿಕ್ಕೆ ಕರೆದದ್ದು. ನೀನು ನಗುತ್ತಲೇ ಹೇಳಿದೆ. ನನಗೆ ನಗು ಬರಲಿಲ್ಲ. ಆ ಎರಡು ದಿನಗಳು ನಿನಗೆ ಮತ್ತೆ ಸಿಗುತ್ತವೆಯೇ?

ಅದಕ್ಕಿಂತ ಹೆಚ್ಚು ಕಾಡಿದ್ದು ನೀನು ಕೊನೆಯಲ್ಲಿ ಆಡಿದ ಮಾತು: ‘ಮೊದಲೇ ಯೋಚಿಸಿಟ್ಟುಕೊಂಡರೆ ಒಳ್ಳೆಯದಲ್ಲವೇ ಅಮ್ಮ, ಆಮೇಲೆ ಪೆಟ್ಟು ಬಿದ್ದರೂ ತಡೆದುಕೊಳ್ಳಬಹುದು.’ ಪುಟ್ಟಿ, ಚಿಂತೆ ನಮ್ಮನ್ನು ಹಿಡಿದಿಟ್ಟುಕೊಳ್ಳುವುದು ಇಲ್ಲೇ. ಹೆದರಿದ್ದು ಆಗದೆ ಹೋದಾಗ ‘ಸದ್ಯ, ಪಾರಾದೆ’ ಎಂದುಕೊಳ್ಳುತ್ತೇವೆಯೇ ಹೊರತು, ‘ನಾನು ಹೆದರಿದ್ದೇ ಸುಳ್ಳಾಗಿತ್ತು’ ಎಂದು ಎಲ್ಲಿಯೂ ಬರೆದಿಡುವುದಿಲ್ಲ. ಹೀಗೆ ಸಲ ಸಲವೂ ಆದಾಗ, ಚಿಂತೆ ಮಾಡಿದ್ದರಿಂದಲೇ ಕಷ್ಟ ತಪ್ಪಿತು ಎಂಬ ನಂಬಿಕೆ ನಮಗೆ ಗೊತ್ತಿಲ್ಲದೆ ಬೇರೂರುತ್ತದೆ. ಮುಂದಿನ ಸಲ ಚಿಂತಿಸದೆ ಇರಲಿಕ್ಕೇ ಹೆದರಿಕೆಯಾಗುತ್ತದೆ. ಸುಮ್ಮನೆ ಇದ್ದರೆ ಎಲ್ಲಿ ಏನಾದರೂ ಆಗಿಬಿಡುತ್ತದೋ ಎಂದು.

ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಲೂಕಸ್ ಲಾಫ್ರೆನಿಯರ್ ಮತ್ತು ಮಿಶೆಲ್ ನ್ಯೂಮನ್ ಎಂಬ ಮನಶ್ಶಾಸ್ತ್ರಜ್ಞರು ಈ ಲೆಕ್ಕವನ್ನೇ ತೆಗೆದು ನೋಡಿದ್ದಾರೆ. ವಿಪರೀತ ಆತಂಕದ ಕಾಯಿಲೆಯಿದ್ದ 29 ಮಂದಿಯಿಂದ ಅವರವರ ಚಿಂತೆಗಳನ್ನು ಬರೆಸಿದರು. ಬರೆದದ್ದರಲ್ಲಿ ಯಾವುದು ನಿಜವಾಯಿತು, ಯಾವುದು ಆಗಲಿಲ್ಲ ಎಂದು ಆಮೇಲೆ ಅವರಿಂದಲೇ ಗುರುತು ಹಾಕಿಸಿದರು. 2020ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಶೇ 91.4ರಷ್ಟು ಚಿಂತೆಗಳು ನಿಜವಾಗಲಿಲ್ಲ. ನನಗೆ ಆ ಸಂಖ್ಯೆಗಿಂತ ಮುಖ್ಯವೆನಿಸಿದ್ದು ಇನ್ನೊಂದು ವಿಷಯ. ತಮ್ಮ ಚಿಂತೆಗಳು ಹೆಚ್ಚು ಹೆಚ್ಚು ಸುಳ್ಳಾದದ್ದನ್ನು ಕಣ್ಣಾರೆ ಕಂಡವರಲ್ಲೇ ಆತಂಕವೂ ಹೆಚ್ಚು ಇಳಿದಿತ್ತು. ಬೇರೆಯವರು ಹೇಳಿದ್ದರಿಂದ ಇಳಿದದ್ದಲ್ಲ, ತಾವೇ ಬರೆದು ತಾವೇ ನೋಡಿದ್ದರಿಂದ ಇಳಿದದ್ದು.

ನಮ್ಮ ಮನೆಯಲ್ಲಿ ಅಡಿಕೆ ಮಾರಿದ ಲೆಕ್ಕವಿದೆ, ಆಳಿನ ಕೂಲಿಯ ಲೆಕ್ಕವಿದೆ, ಸೊಸೈಟಿ ಸಾಲದ ಲೆಕ್ಕವಿದೆ. ನೀನು ಚಿಂತೆಗೂ ಒಂದು ಪುಸ್ತಕ ಇಡು. ಎಡಗಡೆಯ ಪುಟದಲ್ಲಿ ತಾರೀಖು ಹಾಕಿ ಹೆದರಿಕೆಯನ್ನು ಒಂದೇ ವಾಕ್ಯದಲ್ಲಿ ಬರೆ. ‘ಏನೋ ಕೆಟ್ಟದ್ದಾಗುತ್ತದೆ’ ಎಂದು ಬರೆದರೆ ಪ್ರಯೋಜನವಿಲ್ಲ. ಹಾಗೆ ಬರೆದದ್ದು ಯಾವತ್ತೂ ಸುಳ್ಳಾಗುವುದಿಲ್ಲ, ಮುಗಿಯುವುದೂ ಇಲ್ಲ. ‘ಸೋಮವಾರ ನನ್ನನ್ನು ಕೆಲಸದಿಂದ ತೆಗೆಯುತ್ತಾರೆ’ ಎಂದು ಬರೆ. ಬಲಗಡೆಯ ಪುಟ ಖಾಲಿ ಬಿಡು. ಆ ದಿನ ಕಳೆದ ಮೇಲೆ ನಿಜವಾಗಿ ಆದದ್ದನ್ನು ಅಲ್ಲಿ ತುಂಬಿಸು. ಕೆಲವು ನಿಜವೂ ಆಗುತ್ತವೆ. ಅದನ್ನೂ ಬರೆ, ಅದನ್ನು ನೀನು ಹೇಗೆ ನಿಭಾಯಿಸಿದೆ ಎಂಬುದನ್ನೂ ಬರೆ.

ಎಲ್ಲ ಚಿಂತೆಯೂ ವ್ಯರ್ಥ ಎಂದು ನಾನು ಹೇಳಲಾರೆ. ಅಡಿಕೆಯ ಕೊಳೆರೋಗದ ಸೀಮೆಯಲ್ಲಿ ಬಾಳಿದವಳು ನಾನು. ಈಗ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಇಲ್ಲಿ ಮಳೆಗಾಲದ ಮುಂಚೆ ಚಿಂತೆಯಿಲ್ಲದ ಮನೆಯೇ ಇಲ್ಲ. ಆದರೆ ಅಪ್ಪನನ್ನು ನೋಡಿದ್ದೀಯಲ್ಲ. ಮಳೆ ಹಿಡಿಯುವ ಮೊದಲು ಅಂಗಳದಲ್ಲಿ ಡ್ರಮ್ಮುಗಳನ್ನು ಇಟ್ಟುಕೊಂಡು, 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣದ ಲೆಕ್ಕದಲ್ಲಿ ಎರಡನ್ನೂ ಬೇರೆ ಬೇರೆ ಕರಗಿಸಿ, ಆಮೇಲೆ ಕೂಡಿಸಿ, ಕೊಳೆ ಬಾರದಂತೆ ಅಡಿಕೆ ಗೊನೆಗೆ ಹೊಡೆಯುವ ಬೋರ್ಡೋ ದ್ರಾವಣ ಮಾಡುತ್ತಾರೆ. ಹೊಳೆಯುವ ಚಾಕುವೊಂದನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ, ಮೇಲೆತ್ತಿ, ಬೆಳಕಿಗೆ ಹಿಡಿದು ಅಲಗನ್ನು ನೋಡುತ್ತಾರೆ. ತಾಮ್ರದ ಬಣ್ಣ ಕೂತಿದ್ದರೆ ಸುಣ್ಣ ಸಾಲದು ಎಂದು ಅರ್ಥ. ಇನ್ನಷ್ಟು ಸುರಿದು ಮತ್ತೆ ಅದ್ದುತ್ತಾರೆ. ಅಲಗು ಹಾಗೇ ಬೆಳ್ಳಗೆ ಬಂದ ಮೇಲೆಯೇ ಅಡಿಕೆ ಮರ ಹತ್ತುವ ಆಳು, ಕೊನೆಗೌಡ, ಅದನ್ನು ಹೊಡೆಯಲು ಮರ ಹತ್ತುವುದು. ಸುಮಾರು 40–45 ದಿನ ಕಳೆದು ಮಳೆ ಹೊಳವಾದಾಗ ಎರಡನೆಯ ಸಲ ಹೊಡೆಸುತ್ತಾರೆ. ಇಷ್ಟು ಅವರ ಕೈಯಲ್ಲಿರುವ ಕೆಲಸ. ಅದರಲ್ಲಿ ಒಂದು ಚೂರೂ ಬಿಡುವುದಿಲ್ಲ. ಮಳೆ ಎಷ್ಟು ಬೀಳಬೇಕು ಎಂಬುದು ಅವರ ಕೈಯಲ್ಲಿಲ್ಲ. ಅದಕ್ಕಾಗಿ ರಾತ್ರಿ ಎದ್ದು ಕೂರುವುದಿಲ್ಲ.

ನಿನ್ನ ಪುಸ್ತಕದಲ್ಲಿ ಬರೆದ ಪ್ರತಿಯೊಂದನ್ನೂ ಹೀಗೆ ಕೇಳು: ಇದಕ್ಕೆ ನಾನು ಮಾಡಬಹುದಾದ ಕೆಲಸ ಏನಾದರೂ ಇದೆಯೇ? ಕೆಲಸ ಹೋದೀತೆಂಬ ಹೆದರಿಕೆ ಪದೇ ಪದೇ ಬರುತ್ತಿದ್ದರೆ, ಕೆಲವು ತಿಂಗಳ ಖರ್ಚಿಗೆ ಆಗುವಷ್ಟು ಹಣ ಬೇರೆ ಖಾತೆಯಲ್ಲಿ ಸೇರಿಸುತ್ತ ಹೋಗು. ಅದು ಕೆಲಸ. ಮ್ಯಾನೇಜರ್ ಮನಸ್ಸಿನಲ್ಲಿ ಏನಿದೆ ಎಂದು ಊಹಿಸುವುದು ಕೆಲಸವಲ್ಲ. ‘ಯಾವ ವಿಷಯ ಸರ್, ತಯಾರಿ ಬೇಕೇ?’ ಎಂದು ಅವತ್ತೇ ಕೇಳಿದ್ದರೆ ಒಂದು ಸಾಲಿಗೆ ಒಂದು ಸಾಲಿನಲ್ಲೇ ಉತ್ತರ ಬರುತ್ತಿತ್ತು.

ಮಾಡಲು ಏನೂ ಇಲ್ಲದ ಚಿಂತೆಗಳಿಗೆ ಒಂದು ಹೊತ್ತು ಗೊತ್ತುಮಾಡು. ಇದೂ ನನ್ನ ಕಲ್ಪನೆಯಲ್ಲ. ಅದೇ ಪೆನ್ ಸ್ಟೇಟ್‌ನ ಥಾಮಸ್ ಬೊರ್ಕೊವೆಕ್ ಮತ್ತು ಅವರ ಸಂಗಡಿಗರು 1983ರಲ್ಲೇ ಪರೀಕ್ಷಿಸಿ ನೋಡಿದ ಉಪಾಯ. ದಿನಕ್ಕೆ ಅರ್ಧ ಗಂಟೆ, ಒಂದೇ ಸಮಯ, ಒಂದೇ ಜಾಗ. ಹಗಲಿನಲ್ಲಿ ಚಿಂತೆ ಬಂದರೆ ‘ಸಂಜೆ ಆರಕ್ಕೆ ಬಾ’ ಎಂದು ಮುಂದಕ್ಕೆ ಹಾಕಿ ಕೈಯಲ್ಲಿರುವ ಕೆಲಸಕ್ಕೆ ಮರಳಬೇಕು. ಆರಕ್ಕೆ ಕುಳಿತು ಮನಸಾರೆ ಚಿಂತಿಸಬೇಕು. ಮಂಚದ ಮೇಲೆ ಮಾತ್ರ ಬೇಡ. ಹಾಸಿಗೆಗೂ ಚಿಂತೆಗೂ ಗಂಟು ಬಿದ್ದರೆ ಬಿಡಿಸುವುದು ಕಷ್ಟ. ಚಿಂತೆಯನ್ನು ಬಿಡು ಎಂದು ಯಾರು ಹೇಳಿದರೂ ಬಿಡಲಾಗುವುದಿಲ್ಲ, ಮುಂದಕ್ಕೆ ಹಾಕಲು ಆಗುತ್ತದೆ. ಮುಂದೆ ಹಾಕಿದ್ದರಲ್ಲಿ ಬಹಳಷ್ಟು ಸಂಜೆಯ ಹೊತ್ತಿಗೆ ನೆನಪಿಗೂ ಬರುವುದಿಲ್ಲ.

ಇನ್ನೊಂದು. ಅಪ್ಪ ಫೋನ್ ಎತ್ತದಿದ್ದರೆ ನೀನು ಬಿಡದೆ ಮಾಡುತ್ತಲೇ ಇರುತ್ತೀಯೆ, ಆಮೇಲೆ ಪಕ್ಕದ ಮನೆಗೂ ಮಾಡುತ್ತೀಯೆ. ತೋಟದ ತಗ್ಗಿನಲ್ಲಿ ಸಿಗ್ನಲ್ ಇಲ್ಲವೆಂದು ನಿನಗೆ ಗೊತ್ತು. ಅವರ ದನಿ ಕೇಳಿದ ಕ್ಷಣ ಎದೆ ಹಗುರಾಗುತ್ತದೆ, ನಿಜ. ಆದರೆ ಮನಸ್ಸಿಗೆ ಅದೇ ರೂಢಿಯಾಗಿ, ಮಾರನೆಯ ದಿನ ದನಿ ಕೇಳದೆ ಇನ್ನಷ್ಟು ಕಸಿವಿಸಿಯಾಗುತ್ತದೆ. ಒಂದು ಸಲ ಮಾಡು. ಎತ್ತದಿದ್ದರೆ ಸಂಜೆಯವರೆಗೆ ಕಾಯಿ. ಏನಾದರೂ ಇದ್ದರೆ ನಾನೇ ತಕ್ಷಣ ತಿಳಿಸುತ್ತೇನೆ, ಮುಚ್ಚಿಡುವುದಿಲ್ಲ. ಇದು ನಾನು ನಿನಗೆ ಕೊಡುವ ಮಾತು.

ಇಷ್ಟೆಲ್ಲ ಮಾಡಿದರೂ ವಾರಗಟ್ಟಲೆ ನಿದ್ದೆ ಬರದಿದ್ದರೆ, ಎದೆ ಡವಗುಟ್ಟುವುದು ನಿಲ್ಲದಿದ್ದರೆ, ಕೆಲಸಕ್ಕೆ ಕೂತರೆ ಕೈಯೇ ಓಡದಿದ್ದರೆ, ಅದನ್ನು ಪುಸ್ತಕದಿಂದ ಸರಿಮಾಡಲು ಹೋಗಬೇಡ. ನೀನಿರುವ ಊರಿನಲ್ಲೇ ನಿಮ್ಹಾನ್ಸ್ ಇದೆ. 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಎನ್ನದೆ ಕರೆ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆತಂಕಕ್ಕೆ ಚಿಕಿತ್ಸೆಯಿದೆ, ಗುಣವೂ ಆಗುತ್ತದೆ. ಮನೆಯಲ್ಲಿ ಏನಂದುಕೊಳ್ಳುತ್ತಾರೋ ಎಂಬ ಒಂದು ಚಿಂತೆಯನ್ನಂತೂ ಇವತ್ತೇ ಅಳಿಸಿಹಾಕು. ನಾನೂ ಜೊತೆಗೆ ಬರುತ್ತೇನೆ.

ಪುಸ್ತಕವನ್ನು ಈ ವಾರವೇ ಕೊಂಡುಕೋ. ಗೌರಿಹಬ್ಬಕ್ಕೆ ಬರುವಾಗ ತೆಗೆದುಕೊಂಡು ಬಾ. ಎಡಗಡೆಯ ಪುಟ ನಿನ್ನ ಸ್ವಂತದ್ದು, ತೋರಿಸಬೇಕೆಂದಿಲ್ಲ. ಬಲಗಡೆ ಬರೆದದ್ದನ್ನು ಮನಸ್ಸಿದ್ದರೆ ನನಗೂ ಅಪ್ಪನಿಗೂ ಓದಿ ಹೇಳು.

ಇತಿ ನಿನ್ನ
ಅಮ್ಮ